ಹಳೇ ದೋಣಿ ಸಾಕು, ಹೊಸದು ಯಾಕೆ?

ಪ್ರಶ್ನೆ: ಫ್ಲೋರಿಡಾದಲ್ಲಿದ್ದೇನೆ. ಗಾಳ ಹಾಕಲು ಸಮುದ್ರಕ್ಕೆ ಹೋಗುವ ಗೆಳೆಯರು ಬರ್ಟ್ರಾಮ್ ಕಂಪನಿಯ ಹಳೇ ದೋಣಿಯನ್ನೇ ದುರಸ್ತಿ ಮಾಡಿಸ್ತಾರೆ, ಹೊಸದು ಬೇಡ ಅಂತಾರೆ. ಯಾಕೆ ಸರ್?
— ಓದುಗರೊಬ್ಬರು, ಟ್ಯಾಂಪಾ

ಉತ್ತರ: ಅವರ ನಂಬಿಕೆ ದೋಣಿಯ ತಳದ ಮೇಲೆ, ಹೆಸರಿನ ಮೇಲಲ್ಲ. 1960ರ ಮಯಾಮಿ-ನಸ್ಸಾವ್ ಮೋಟಾರ್ ದೋಣಿ ರೇಸಿನಲ್ಲಿ ಸಮುದ್ರ ಭಾರೀ ಒರಟಾಗಿತ್ತು, ಆದರೂ ಈ ಕಂಪನಿ ಕಟ್ಟಿದ ಡಿಕ್ ಬರ್ಟ್ರಾಮ್ ಅವರ 'ಮಾಪಿ' ದೋಣಿ ಗೆದ್ದಿತು. ರೇ ಹಂಟ್ ರೂಪಿಸಿದ ಅದರ ತಳ ಹಿಂದಿನ ತುದಿಯವರೆಗೂ ಆಳವಾದ ವಿ ಆಕಾರದಲ್ಲೇ ಇತ್ತು. ಹಾಗಾಗಿ ಅಲೆಗೆ ಬಡಿಯೋದಿಲ್ಲ, ಸೀಳಿಕೊಂಡು ಹೋಗುತ್ತೆ. ಅದರಿಂದಲೇ ಹುಟ್ಟಿದ್ದು 31 ಅಡಿಯ ಬರ್ಟ್ರಾಮ್.

ಮುಂದೆ 31ರ ತಯಾರಿ ನಿಂತಿತು, ಕಂಪನಿ ಕೈಯಿಂದ ಕೈಗೆ ಹೋಯ್ತು, 1998ರಲ್ಲಿ ಇಟಲಿಯ ದೋಣಿ ಕಂಪನಿ ಫೆರೆಟ್ಟಿ ಪಾಲಾಯ್ತು. ಮಾಲೀಕರು ಬದಲಾದಾಗಲೆಲ್ಲ ಗಿರಾಕಿಗೆ ಒಂದೇ ಚಿಂತೆ: ಮಾರ್ಲಿನ್ ಅನ್ನೋ ದೊಡ್ಡ ಸಮುದ್ರ ಮೀನು ಹಿಡಿಯೋ ಸೀಸನ್ನಿನ ನಡುವೆ ಏನಾದ್ರೂ ಕೆಟ್ಟರೆ ಫೋನ್ ಎತ್ತೋರು ಯಾರು, ಬಿಡಿಭಾಗ ಸಿಗುತ್ತಾ?

2015ರಲ್ಲಿ ಕಂಪನಿಯನ್ನು ಕೊಂಡ ಇಟಲಿಯ ಗಾವಿಯೋ ಬಳಗ ಸುಮ್ನೆ ಜಾಹೀರಾತು ಹಾಕುತ್ತಾ ಕೂರಲಿಲ್ಲ. ಹಳೇ 31ರ ಜಾಡು ಹಿಡಿದು 35 ಅಡಿಯ ಹೊಸ ದೋಣಿಯ ವಿನ್ಯಾಸವನ್ನು ದೋಣಿ ವಿನ್ಯಾಸಕ ಮೈಕೆಲ್ ಪೀಟರ್ಸ್ ಕೈಲಿ ಮಾಡಿಸಿತು. ನನ್ನ ಪ್ರಕಾರ ಅದು ಸರಿಯಾದ ಮೊದಲ ಹೆಜ್ಜೆ. ಆದ್ರೆ ನಿಮ್ಮ ಗೆಳೆಯರನ್ನು ವಾಪಸ್ ಕರೆತರೋದು ಮಾರಾಟದ ನಂತರದ ಸರ್ವಿಸ್ ಮಾತ್ರ, ಅಲ್ವಾ?