ವಾಚ್‌ಡಾಗ್ ರೀಸೆಟ್ ಆದ ಮೇಲೂ ಐ2ಸಿ ಬಸ್ ಸಿಕ್ಕಿಕೊಂಡಿದ್ದರೆ

ತಿಕೋಟಾದ ದ್ರಾಕ್ಷಿ ತೋಟದ ಡ್ರಿಪ್ ಕಂಟ್ರೋಲರ್ ಪಂಪ್ ಶುರುವಾದಾಗ ನಿಂತುಬಿಡುತ್ತದೆ, ವಾಚ್‌ಡಾಗ್ (ಪ್ರೋಗ್ರಾಂ ನಿಂತರೆ ಚಿಪ್ಪನ್ನು ತಾನೇ ರೀಸೆಟ್ ಮಾಡುವ ಟೈಮರ್) ರೀಸೆಟ್ ಮಾಡಿದರೂ ಸೆನ್ಸರ್ ಉತ್ತರ ಕೊಡಲ್ಲ ಎಂದು ಕೇಳಿದ್ದೀರಿ.

ಸರ್, ವಾಚ್‌ಡಾಗ್ ತನ್ನ ಕೆಲಸ ಮಾಡಿದೆ. ಆದರೆ ರೀಸೆಟ್ ಆಗಿದ್ದು ಮೈಕ್ರೋಕಂಟ್ರೋಲರ್ ಮಾತ್ರ. ಸೆನ್ಸರ್‌ನ ಪವರ್ ಕಟ್ ಆಗೇ ಇಲ್ಲ, ಅಲ್ವಾ? ಅದು ಅರ್ಧ ಬೈಟ್ ಕಳಿಸಿ, ಐ2ಸಿಯ (ಚಿಪ್‌ಗಳು ಎರಡು ಲೈನಿನಲ್ಲಿ ಮಾತಾಡುವ ಬಸ್) ಡೇಟಾ ಲೈನ್ ಎಸ್‌ಡಿಎಯನ್ನು ಲೋ (ಸೊನ್ನೆ ವೋಲ್ಟ್ ಹತ್ತಿರ) ಹಿಡಿದುಕೊಂಡು ಮುಂದಿನ ಕ್ಲಾಕ್‌ಗೆ ಕಾಯುತ್ತಿದೆ.

ಹಾಗಾಗಿ ಬೋರ್ಡ್ ಎದ್ದ ಕೂಡಲೇ, ಐ2ಸಿ ಶುರು ಮಾಡುವ ಮೊದಲು ಎಸ್‌ಡಿಎ ನೋಡಿ. ಲೋ ಇದ್ದರೆ ಕ್ಲಾಕ್ ಲೈನ್ ಆದ ಎಸ್‌ಸಿಎಲ್ ಪಿನ್ ಮೇಲೆ ಕೋಡ್‌ನಿಂದಲೇ 9 ಪಲ್ಸ್ ಕೊಡಿ, ಕೊನೆಗೆ ಒಂದು ಸ್ಟಾಪ್ (ಮಾತು ಮುಗಿಯಿತು ಎನ್ನುವ ಸಿಗ್ನಲ್). ಸಾಮಾನ್ಯವಾಗಿ ಸೆನ್ಸರ್ ಲೈನನ್ನು ಬಿಡುತ್ತದೆ. ಎಸ್‌ಸಿಎಲ್ಲೇ ಲೋ ಇದ್ದರೆ ಇದು ನಡೆಯಲ್ಲ, ಸೆನ್ಸರ್ ಪವರನ್ನೇ ಆಫ್ ಮಾಡಬೇಕು. ಅದಕ್ಕೊಂದು ಮಾಸ್‌ಫೆಟ್ (ಕೋಡ್‌ನಿಂದ ಆನ್-ಆಫ್ ಮಾಡಬಹುದಾದ ಸ್ವಿಚ್) ಹಾಕಿ. ಅರ್ಡುಯಿನೋ ಉನೋ ಆದರೆ ಐ2ಸಿಗೆ ಬಳಸುವ ವೈರ್ (Wire) ಲೈಬ್ರರಿಯ ಟೈಮ್‌ಔಟ್ ಆನ್ ಮಾಡಿ, ಅದು ಮೊದಲಿಂದ ಆಫ್ ಇರುತ್ತದೆ.

ದಯವಿಟ್ಟು ವಾಚ್‌ಡಾಗನ್ನು ಟೈಮರ್ ಇಂಟರಪ್ಟ್ (ಮೇನ್ ಲೂಪನ್ನು ತಡೆದು ಆಗಾಗ ತಾನೇ ಓಡುವ ಕೋಡ್) ಒಳಗೆ ರಿಫ್ರೆಶ್ ಮಾಡಬೇಡಿ, ಅಂದರೆ ಅದರ ಎಣಿಕೆಯನ್ನು ಅಲ್ಲಿಂದ ಮತ್ತೆ ಶುರು ಮಾಡಬೇಡಿ. ಮೇನ್ ಲೂಪ್ ನಿಂತರೂ ಇಂಟರಪ್ಟ್ ಓಡುತ್ತಲೇ ಇರುತ್ತದೆ, ಆಗ ವಾಚ್‌ಡಾಗ್ ಇದ್ದೂ ಇಲ್ಲದ ಹಾಗೆ.

ಪಂಪ್ ಸ್ಟಾರ್ಟರ್ ಪಕ್ಕದಲ್ಲೇ ಉದ್ದ ವೈರ್ ಎಳೆದಿದ್ದರೆ ಮೂಲ ತೊಂದರೆ ಬಹುಶಃ ಅಲ್ಲಿದೆ. ಐ2ಸಿ ಇರುವುದು ಒಂದೇ ಬೋರ್ಡಿನ ಚಿಪ್‌ಗಳಿಗೆ. ತೋಟದುದ್ದಕ್ಕೂ ಉದ್ದ ದೂರಕ್ಕೆ ತಡೆಯುವ ಆರ್‌ಎಸ್-485 ಲೈನ್ ಎಳೆಯಿರಿ.