ಉತ್ತರ ಗೊತ್ತಿದ್ದರೂ ಬಾಯಿ ಬಿಡಲು ಭಯ

ಪ್ರಶ್ನೆ: ನನಗೆ 20 ವರ್ಷ, ಡಿಗ್ರಿ ಎರಡನೇ ವರ್ಷ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತವೆ. ಆದರೆ ಕ್ಲಾಸಿನಲ್ಲಿ ಡೌಟ್ ಕೇಳಲು ಆಗುವುದಿಲ್ಲ. ಕೈ ಅರ್ಧ ಎತ್ತಿ, ತಲೆ ಕೆರೆದುಕೊಂಡ ಹಾಗೆ ಮಾಡಿ ಇಳಿಸಿಬಿಡುತ್ತೇನೆ. ಹೋದ ಸಲ ಸೆಮಿನಾರ್ ದಿನ ಹುಷಾರಿಲ್ಲ ಎಂದು ಸುಳ್ಳು ಹೇಳಿ ರಜೆ ಹಾಕಿದೆ. ಮುಂದಿನ ತಿಂಗಳು ಮತ್ತೆ ಇದೆ. ನಾನು ದಡ್ಡಿ ಅಂತ ಎಲ್ಲರಿಗೂ ಗೊತ್ತಾಗಿಬಿಟ್ಟರೆ? ಈ ಕೋರ್ಸೇ ನನಗಲ್ಲವೇನೋ ಅನ್ನಿಸುತ್ತಿದೆ.

ಉತ್ತರ: ನೀವು ದಡ್ಡಿಯಲ್ಲ. ಓದಿದ್ದು ನಿಮಗೆ ಅರ್ಥವಾಗುತ್ತಿದೆ. ಅದನ್ನು ನಾಲ್ಕು ಜನರ ಮುಂದೆ ನಿಂತು ಹೇಳುವುದು ಬೇರೆಯದೇ ಕೆಲಸ. ಅದು ನಿಮಗಿನ್ನೂ ರೂಢಿಯಾಗಿಲ್ಲ, ಅಷ್ಟೇ.

ರಜೆ ಹಾಕಿದ ದಿನ ಒಮ್ಮೆಲೇ ಹಗುರ ಅನ್ನಿಸಿರಬೇಕು, ಅಲ್ವಾ? ಆ ನೆಮ್ಮದಿಯೇ ಭಯವನ್ನು ಸಾಕುತ್ತದೆ. ತಪ್ಪಿಸಿಕೊಂಡಿದ್ದಕ್ಕೆ ಬಚಾವಾದೆ ಎಂದು ಮನಸ್ಸು ನಂಬಿಬಿಡುತ್ತದೆ. ಹೋಗಿದ್ದರೆ ನಿಜಕ್ಕೂ ಏನಾಗುತ್ತಿತ್ತು ಎಂದು ನೋಡುವ ಅವಕಾಶ ಅದಕ್ಕೆ ಸಿಗಲೇ ಇಲ್ಲ. ಅದಕ್ಕೇ ಈ ಸಲ ಭಯ ಇನ್ನೂ ಜಾಸ್ತಿ.

ಎಲ್ಲರೂ ನಿಮ್ಮನ್ನೇ ನೋಡುತ್ತಾರೆ ಎನ್ನುವ ಲೆಕ್ಕದಲ್ಲೂ ತಪ್ಪಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನೋಡಿ. ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟ್ ಕೊಟ್ಟು ವಿದ್ಯಾರ್ಥಿಗಳನ್ನು ಬೇರೆಯವರಿದ್ದ ಕೋಣೆಗೆ ಕಳಿಸಿದರು. ಹೆಚ್ಚೂಕಡಿಮೆ ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದುಕೊಂಡರು. ಗಮನಿಸಿದವರು ಕಾಲು ಭಾಗದಷ್ಟೂ ಇರಲಿಲ್ಲ. 2003ರ ಇನ್ನೊಂದು ಅಧ್ಯಯನ ನಿಮಗೆ ಇನ್ನೂ ಹತ್ತಿರದ್ದು. ಒಳಗಿನ ನಡುಕ ನಾವು ಅಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ ಎಂದು ಮೊದಲೇ ತಿಳಿದಿದ್ದವರು ಉಳಿದವರಿಗಿಂತ ಚೆನ್ನಾಗಿ ಭಾಷಣ ಮಾಡಿದರು. ಎದೆ ಡವಡವ ಅನ್ನುವುದು ನಿಮಗೆ ಕೇಳಿಸುತ್ತದೆ, ಕೊನೆ ಬೆಂಚಿಗೆ ಕೇಳಿಸುವುದಿಲ್ಲ.

ಹಾಗಂತ ಯಾರೂ ನಗುವುದೇ ಇಲ್ಲ ಎಂದು ನಾನು ಮಾತು ಕೊಡಲಾರೆ. ಒಬ್ಬಿಬ್ಬರು ನಗಬಹುದು. ಬೇಜಾರಾಗುತ್ತದೆ, ನಿಜ. ಆದರೆ ಪಾಠ ಮುಂದೆ ಹೋಗುತ್ತದೆ, ನಿಮ್ಮ ಡೌಟೂ ತೀರುತ್ತದೆ.

ಸೆಮಿನಾರ್‌ಗೆ ಈ ವಾರದಿಂದಲೇ ಶುರು ಮಾಡಿ. ಪುಸ್ತಕ ಮುಚ್ಚಿಟ್ಟು ಗಟ್ಟಿಯಾಗಿ ಹೇಳಿ. ಸುಮ್ನೆ ಮತ್ತೆ ಮತ್ತೆ ಓದಿದರೆ ಬಂದಂತೆ ಅನ್ನಿಸುತ್ತದೆ, ನಿಂತಾಗ ಕೈಕೊಡುತ್ತದೆ. ಆಮೇಲೆ ಒಬ್ಬ ಗೆಳತಿಯ ಮುಂದೆ, ನಂತರ ಮೂರ್ನಾಲ್ಕು ಜನರ ಮುಂದೆ ಹೇಳಿ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠವಾಗಿರಲಿ, ನಡುಕ ಹೆಚ್ಚಿರುವುದು ಅಲ್ಲೇ. ಪೂರ್ತಿ ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಎಲ್ಲ ನಿಂತುಹೋಗುತ್ತದೆ. ಯಾರಾದರೂ ಗೊತ್ತಿಲ್ಲದ್ದನ್ನು ಕೇಳಿದರೆ, "ಅದನ್ನು ನಾನು ನೋಡಿಲ್ಲ, ಓದಿ ಹೇಳುತ್ತೇನೆ" ಎನ್ನಿ. ಪಾಠ ಮಾಡುವವರೂ ಹಾಗೇ ಹೇಳುವುದುಂಟು.

ಡೌಟ್‌ಗಳನ್ನು ಮೊದಲು ಕ್ಲಾಸ್ ಮುಗಿದ ಮೇಲೆ ಹೋಗಿ ಕೇಳಿ. ಅದು ಸಲೀಸಾದ ಮೇಲೆ, ಒಂದನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡು ಕ್ಲಾಸಿನಲ್ಲೇ ಓದಿ ಕೇಳಿ. ಭಯ ಹೋಗಲಿ ಎಂದು ಕಾಯಬೇಡಿ. ಅದು ಜೊತೆಗಿರುವಾಗಲೇ ಕೇಳಬೇಕು.

ಊಟ, ನಿದ್ದೆ ಕೆಡುತ್ತಿದ್ದರೆ, ಫೋನ್ ಎತ್ತಲೂ ಅಂಗಡಿಯಲ್ಲಿ ಮಾತಾಡಲೂ ಇದೇ ಹೆದರಿಕೆ ಇದ್ದರೆ ಆಪ್ತ ಸಮಾಲೋಚಕರನ್ನು ಕಾಣಿ. ಈ ಭಯಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಕೋರ್ಸ್ ಬಿಡುವ ಯೋಚನೆ ಸದ್ಯಕ್ಕೆ ಬೇಡ. ವಿಷಯ ಇಷ್ಟವಿಲ್ಲ ಎಂದು ನೀವು ಎಲ್ಲೂ ಬರೆದಿಲ್ಲ. ಸೆಮಿನಾರ್ ಆದ ಮೇಲೆ ಮತ್ತೆ ಬರೆಯಿರಿ, ಎಲ್ಲಿ ತೊದಲಿದಿರಿ ಎನ್ನುವುದನ್ನೂ ಸೇರಿಸಿ.