ಆಪ್ತಸಲಹೆ ಪ್ರಕರಣ: ನಾಟಕದ ದಿನ ಕಿರಿಚಿ ಓಡಿಹೋದ ಹುಡುಗನ್ನ ತಂಡ ಬಿಡಿಸಬೇಕಾ?

ಮನಿಯವರ ಒಪ್ಪಿಗಿ ಮತ್ತ ನಾಟಕ ಕಲಿಸೋ ಸರ್ ಒಪ್ಪಿಗಿ ಎರಡೂ ತಗೊಂಡೇ ಇದನ್ನ ಬರೀತಿದೀನಿ, ಹೆಸರು, ವಯಸ್ಸು, ಊರಿನ ಗುರುತು ಎಲ್ಲಾ ಬದಲಿಸೀನಿ. ಹುಡುಗನಿಗೆ ಇಲ್ಲಿ ಮಂಜು ಅಂತ ಕರೀತೀನಿ.

ಮಂಜುಗ 17 ವರ್ಷ, ಕೊಪ್ಪಳ ಜಿಲ್ಲೆಯವ, ಸಣ್ಣವಿದ್ದಾಗಿಂದ ಆಟಿಸಂ ಐತಿ. ತಾನಾಗೇ ಆಡೋ ಮಾತು ಕಮ್ಮಿ, ಆದ್ರ ಕೇಳಿದ್ದನ್ನ ಹಂಗಂಗೇ ವಾಪಸ್ ಹೇಳ್ತಾನ, ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಕೂಡ ಅದೇ ಧಾಟಿಯಾಗ. ಅವರ ಕಡೆ ಒಂದು ನಾಟಕ ತಂಡ ಶನಿವಾರ ಭಾನುವಾರ ಹುಡುಗ್ರಿಗೆ ಕಲಿಸ್ತೈತಿ, ಎಲ್ಲಾ ತರದ ಹುಡುಗ್ರನ್ನೂ ಸೇರಿಸ್ಕೊಂತಾರ, ಈ ಸಲ ಮಂಜು ಜೊತಿ ಡೌನ್ ಸಿಂಡ್ರೋಮ್ ಇರೋ ಒಬ್ಬ ಹುಡುಗಿ, ವೀಲ್‌ಚೇರಿನ್ಯಾಗ ಬರೋ ಒಬ್ಬ ಹುಡುಗನೂ ಇದ್ರು. ತಿಂಗಳುಗಟ್ಟಲೆ ತಾಲೀಮು ಚೆನ್ನಾಗೇ ನಡೀತು, ಮಂಜುಗ ದೂತನ ಪಾತ್ರ, ಎರಡು ಸಾಲು ಮಾತು, ಒಂದಿನಾನೂ ತಪ್ಪಿಸಲಿಲ್ಲ. ಪ್ರದರ್ಶನದ ದಿನ ಮೈಕು ಕೊಂಯ್ ಅಂತು, ಹೊಗಿ ಮಷೀನು ಬಿಟ್ರು, ಲೈಟು ಮಿಣಮಿಣ ಅಂದ್ವು, ಇವ ಅಂಟಿಸಿದ್ದ ಮೀಸಿ ಕಿತ್ತೊಗದು, ಕಿರಿಚಿ, ಕೈ ಕಚ್ಕೊಂಡು, ಅಡ್ಡ ನಿಂತಿದ್ದ ಹುಡುಗೀನ ನೂಕಿ ಹೊರಗ ಓಡಿಬಿಟ್ಟ. ಆಕಿ ಮೊಣಕೈ ತರಚ್ತು, ಆಕಿ ಮನಿಯವರು ಗದ್ಲ ಮಾಡಿದ್ರು. ಸರ್ ಬಂದು, ಮುಂದಿನ ಸಲದಿಂದ ಮಂಜು ಪ್ರೇಕ್ಷಕರ ಜೊತಿ ಕುಂದರ್ಲಿ ಅಂದ್ರು. ಅಪ್ಪ, "ಸಾಕ್ ಮಾಡ್ರಿ, ನಾಕು ಮಂದ್ಯಾಗ ಮರ್ಯಾದಿ ಹೋತು" ಅಂತ ಹೇಳಿ ಮಗನ್ನ ಕಳ್ಸೋದೇ ನಿಲ್ಲಿಸಿದ್ರು.

ನನ್ನ ಹತ್ರ ಬಂದಾಕಿ ತಾಯಿ. "ಮೇಡಂರ, ಶನಿವಾರ ಬಂದ್ರ ತಾನಾ ಚಪ್ಪಲಿ ಹಾಕ್ಕೊಂಡು ಬಾಗಲದಾಗ ನಿಂದರ್ತಾನ್ರಿ, ಕಳಿಸ್ಲ್ಯಾ ಬಿಡಿಸ್ಲ್ಯಾ ಹೇಳ್ರಿ" ಅಂದ್ರು.

ನಾನು ಇಂಥ ಪ್ರಶ್ನೆಗೆ ಮೊದಲ ದಿನ ಹೌದು ಅಲ್ಲ ಅಂತ ಉತ್ತರ ಕೊಡಂಗಿಲ್ಲ. ಅವತ್ತು ಹುಡುಗ ಕಿರಿಚೋಕ್ಕಿಂತ ಮುಂಚಿನ ಒಂದು ತಾಸಿನಾಗ ಏನೇನಾತು, ಅದನ್ನ ಒಂದೊಂದೇ ನೆನಪು ಮಾಡಿ ಹೇಳ್ರಿ ಅಂದೆ. ಹೇಳ್ತಾ ಹೋದಂಗ ಚಿತ್ರ ತಿಳಿ ಆತು. ತಾಲೀಮು ನಡದಿದ್ದು ಸಾಲಿ ಹಾಲ್‌ನಾಗ, ಟ್ಯೂಬ್‌ಲೈಟ್ ಬೆಳಕು, ಮನಿ ಅಂಗಿ, ಬರೇ ಕಾಲು, ಮೈಕಿಲ್ಲ. ಪ್ರದರ್ಶನ ಬೇರೆ ಜಾಗ, ಮುಖಕ್ಕ ಬಣ್ಣ, ಮೂಗಿನ ಕೆಳಗ ಗೋಂದು, ಚುಚ್ಚೋ ಜರಿ ಅಂಗಿ, ಹೊರಗ ಜನರೇಟರ್ ಸೌಂಡು, ಏಪ್ರಿಲ್ ತಿಂಗಳ ಧಗಿ, ಊಟಾನೂ ತಡ. ಇವೆಲ್ಲಾ ಅವನಿಗೆ ಅವತ್ತೇ ಹೊಸಾವು, ಒಂದನ್ನೂ ಯಾರೂ ಮುಂಚೆ ತೋರಿಸಿರಲಿಲ್ಲ.

ಹಟ ಬೇರೆ, ಇದು ಬೇರೆ ಅಂತ ತಾಯಿಗೆ ಬಿಡಿಸಿ ಹೇಳ್ದೆ. ಹಟ ಮಾಡೋ ಹುಡುಗ ನಡುವೆ ಒಮ್ಮೆ ಅವ್ವನ ಮುಖ ನೋಡ್ತಾನ, ಕೇಳಿದ್ದು ಕೈಗೆ ಬಂದ್ರ ಸುಮ್ಮನಾಗ್ತಾನ. ಸದ್ದು, ಬೆಳಕು, ವಾಸನಿ, ಮೈಮ್ಯಾಲಿನ ಬಟ್ಟಿ ಎಲ್ಲಾ ಒಟ್ಟಿಗೆ ಮ್ಯಾಲ ಬಿದ್ದು ತಡಕೊಳ್ಳೋಕೆ ಆಗದಾಗ ಬರೋ ಕಿರಿಚಾಟಕ್ಕ ಬೈದ್ರೂ ಫಲ ಇಲ್ಲ, ಚಾಕ್ಲೇಟ್ ಕೊಟ್ರೂ ಫಲ ಇಲ್ಲ, ಸದ್ದು ಕಮ್ಮಿ ಇರೋ ಜಾಗಕ್ಕ ಕರಕೊಂಡು ಹೋಗಿ ಮಾತಾಡದೇ ಹತ್ರ ಕುಂದರಬೇಕು, ಅಷ್ಟ. ನಾನು ಸರಿಯಾಗಿ ಬೆಳೆಸಲಿಲ್ಲ ಅಂತ ಆಕಿ ಮೂರು ಸಲ ಅಂದ್ರು, ಮೂರು ಸಲಾನೂ ಅಲ್ಲೇ ತಡದೆ. ಆಟಿಸಂ ಬೆಳೆಸೋ ರೀತಿಯಿಂದ ಬರೋದಲ್ಲ, ಇದನ್ನ ಗಟ್ಟಿಯಾಗೇ ಹೇಳಬೇಕು, ಯಾಕಂದ್ರ ನಮ್ಮ ಕಡೆ ತಾಯಂದಿರ ಮ್ಯಾಲ ಈ ಮಾತು ಭಾಳ ವರ್ಷದಿಂದ ಹೇರ್ಯಾರ.

ಮುಂದಿನ ಸಲ ಮಂಜು ಬಂದ. ಮಾತು ಕಮ್ಮಿ ಇದ್ದೋರನ್ನ ಕೇಳೋದು ಹೆಂಗ ಅಂತ ಜನ ಅಂತಾರ, ಕೇಳಬಹುದು, ಕೇಳಲೇಬೇಕು. ತಾಲೀಮಿನ ಫೋಟೋ ಸರ್ ಕಡೆಯಿಂದ ತರಿಸಿ ಪ್ರಿಂಟ್ ಹಾಕಿಸಿದ್ದೆ, ಟೇಬಲ್ ಮ್ಯಾಲ ಎರಡು ತಟ್ಟಿ ಇಟ್ಟೆ, ಒಂದಕ್ಕ ನಗೋ ಮುಖ, ಒಂದಕ್ಕ ಬ್ಯಾಡ ಅನ್ನೋ ಗುರುತು. ತಾಳದ ಫೋಟೋ, ಎಲ್ಲಾರೂ ಸುತ್ತ ಕುಂತು ಹಾಡೋ ಫೋಟೋ, ನಗೋ ತಟ್ಟಿಗೆ ಹೋದ್ವು. ಮೈಕಿನ ಫೋಟೋ ಬ್ಯಾಡದ ತಟ್ಟಿಗೆ. ಮೀಸಿ ಇರೋ ತನ್ನ ಫೋಟೋ ಬಂದಾಗ ತಟ್ಟಿಗೂ ಹಾಕಲಿಲ್ಲ, ಬೆರಳಿಂದ ಮೀಸಿ ಮ್ಯಾಲ ತಿಕ್ಕಿ ತಿಕ್ಕಿ ಅಳಸೋಕೆ ನೋಡಿದ, ಆಮೇಲೆ ಫೋಟೋ ಬೋರಲ ಹಾಕಿ ಇಟ್ಟ. ತಂಡದ ಹುಡುಗ್ರ ಗ್ರೂಪ್ ಫೋಟೋ ಮಾತ್ರ ಕೈಯಾಗೇ ಹಿಡ್ಕೊಂಡ, ವಾಪಸ್ ಕೊಡಲಿಲ್ಲ. ನಾಟಕ ಬೇಕು, ಮೈಕು ಮೀಸಿ ಬ್ಯಾಡ, ಇದಕ್ಕಿಂತ ಚೊಕ್ಕ ಯಾರು ಹೇಳ್ತಾರ್ರಿ. ಅಪ್ಪ ಅವ್ವ ಇಬ್ಬರ ವಾದದಾಗ ಅಲ್ಲೀತನಕ ಇವನ ಅಭಿಪ್ರಾಯ ಸೇರೇ ಇರಲಿಲ್ಲ.

ಆಮೇಲೆ ಸರ್ ಅವರನ್ನ ಕರೆಸಿದೆ. ಒಳ್ಳೆ ಮನುಷ್ಯ, ದುಡ್ಡಿನ ಆಸೆ ಇಲ್ಲದೇ ಮಾಡ್ತಾರ, ಆದ್ರ ಒಬ್ಬರೇ, ಕೂಡ ಒಬ್ಬ ಸ್ವಯಂಸೇವಕ. "ನಾನು ಎಲ್ಲಾ ಹುಡುಗ್ರನ್ನೂ ಒಂದೇ ತರ ನೋಡ್ತೀನ್ರಿ ಮೇಡಂ, ಭೇದ ಮಾಡಂಗಿಲ್ಲ" ಅಂದ್ರು. ತೊಂದ್ರಿ ಅಲ್ಲೇ ಐತಿ ಸರ್ ಅಂದೆ. ವೀಲ್‌ಚೇರ್ ಹುಡುಗನಿಗೆ ಮೆಟ್ಟಿಲು ಹತ್ತಿ ಬಾ ಅಂತ ನೀವು ಹೇಳಲಿಲ್ಲ, ಹಲಗಿ ಹಾಕಿಸಿದ್ರಿ, ಮಂಜುಗ ಬೇಕಾದ ಹಲಗಿ ಕಣ್ಣಿಗೆ ಕಾಣಂಗಿಲ್ಲ ಅಷ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಾಗ 21 ತರದ ಅಂಗವಿಕಲತೆ ಗುರುತಿಸ್ಯಾರ, ಆಟಿಸಂ ಅದ್ರಾಗ ಒಂದು, ಸಂಸ್ಕೃತಿ ಮನರಂಜನೆಯಾಗ ಭಾಗವಹಿಸೋದೂ ಅದೇ ಕಾಯ್ದೆಯಾಗ ಬರ್ತೈತಿ. ಹುಡುಗನ್ನ ಪ್ರೇಕ್ಷಕರ ಸಾಲಿಗೆ ಕಳ್ಸೋದು ಸುಲಭ, ಆದ್ರ ಹಂಗ ಮಾಡಿದ್ರ ನಿಮ್ಮ ತಂಡಕ್ಕ ಎಲ್ಲಾರನ್ನೂ ಒಳಗೊಂಡ ತಂಡ ಅಂತ ಹೇಳೋಕೆ ಬರಂಗಿಲ್ಲ, ಇದನ್ನ ನೇರವಾಗೇ ಹೇಳ್ದೆ, ಅವರೂ ಕೇಳಿಸ್ಕೊಂಡ್ರು.

ಕೆಲಸಕ್ಕ ಬರೋ ಮಾತಿಗೆ ಬರ್ತೀನಿ. ಸೇರಿಸ್ಕೊಳ್ಳೋವಾಗ ಕಾಯಿಲಿ ಹೆಸರು ಬರ್ಕೊಂಡ್ರ ಸಾಲದು, ಯಾವುದಕ್ಕ ಹೆದರ್ತಾನ, ಏನು ಮಾಡಿದ್ರ ಸಮಾಧಾನ ಆಗ್ತೈತಿ, ನೀರು ಬೇಕು ಪಾಯಖಾನಿಗೆ ಹೋಗ್ಬೇಕು ಅನ್ನೋದನ್ನ ಹೆಂಗ ತಿಳಿಸ್ತಾನ, ಮೂರ್ಛೆ ಬರ್ತೈತಾ, ಇಷ್ಟು ಕೇಳಬೇಕು. ಮಿಣಮಿಣ ಲೈಟು ಪೂರ್ತಿ ಬಂದ್ ಮಾಡ್ರಿ, ಕೆಲವರಿಗೆ ಅದ್ರಿಂದಲೇ ಫಿಟ್ಸ್ ಬರಬಹುದು, ಮಂಜು ಒಬ್ಬನ ಸಲುವಾಗಿ ಅಲ್ಲ. ಡೌನ್ ಸಿಂಡ್ರೋಮ್ ಇರೋರ ಕುತ್ತಿಗಿ ಕೀಲು ಕೆಲವರದು ಸಡಿಲ ಇರ್ತೈತಿ, ಡಾಕ್ಟರ್ ಕೇಳದೇ ಪಲ್ಟಿ ಹೊಡಸೋದು ಬ್ಯಾಡ. ತಾಲೀಮು ದಿನಾಲೂ ಒಂದೇ ಕ್ರಮದಾಗ ನಡೀಲಿ, ಮೊದಲು ಸುತ್ತ ಕುಂತು ಹಾಡು, ಆಮೇಲೆ ಆಟ, ಆಮೇಲೆ ದೃಶ್ಯ, ಕೊನಿಗೆ ನೀರು ಕುಡದು ಮನಿಗೆ, ಇದರ ಚಿತ್ರ ಬರದು ದಾರಕ್ಕ ಕ್ಲಿಪ್ ಹಾಕಿ ತೂಗಬಿಡ್ರಿ, ಮುಗಿದಂಗ ಒಂದೊಂದು ತಿರುವಿ ಹಾಕ್ರಿ. ಏನರ ಬದಲಾದ್ರ ಹಿಂದಿನ ದಿನಾನೇ ಹೇಳ್ರಿ. ಮೂಲ್ಯಾಗ ಒಂದು ಚಾಪಿ ಹಾಸಿ ಅದನ್ನ ಸುಮ್ಮನ ಕುಂದರೋ ಜಾಗ ಮಾಡ್ರಿ, ಯಾರು ಬೇಕಾದ್ರೂ ಎದ್ದು ಹೋಗಿ ಕುಂದರಬಹುದು, ಶಿಕ್ಷೆಗೆ ಅಂತ ಯಾರನ್ನೂ ಅಲ್ಲಿ ಕುಂದ್ರಸಬಾರ್ದು. ವೇಷದ ಅಂಗಿ ವಾರಗಟ್ಟಲೆ ಮುಂಚೆ ಮನಿಗೆ ಕಳ್ಸ್ರಿ, ಒಗದು ಮೆತ್ತಗಾಗಲಿ, ಬಣ್ಣ ಮೀಸಿ ಬ್ಯಾಡ ಅಂದ್ರ ಬ್ಯಾಡ. ಪ್ರದರ್ಶನದ ಜಾಗಕ್ಕ ಖಾಲಿ ಇದ್ದಾಗ ಒಂದೆರಡು ಸಲ ಕರಕೊಂಡು ಹೋಗ್ರಿ.

ಪಾತ್ರದ ವಿಷಯ ನನಗ ಎಲ್ಲಕ್ಕಿಂತ ಮುಖ್ಯ ಅನ್ಸಿತು. ಹುಡುಗನಿಗೆ ಬರೋದನ್ನ ಹಿಡ್ಕೊಂಡು ಪಾತ್ರ ಕಟ್ಟಬೇಕು, ನಮ್ಮ ಸೀಮಿಯಾಗ ಅದಕ್ಕ ಬೇಕಾದ್ದೆಲ್ಲಾ ಐತಿ. ದೊಡ್ಡಾಟ ನೋಡ್ರಿ, ಹಿಮ್ಮೇಳದವರು ಪದ ಹಾಡ್ತಾರ, ಸಾರಥಿ ಬಂದ ಪಾತ್ರನ್ನೆಲ್ಲಾ ಯಾರು ಏನು ಅಂತ ವಿಚಾರಿಸ್ತಾನ, ಮುಂದೇನು ಬರ್ತೈತಿ ಅಂತ ಮೊದಲೇ ಗೊತ್ತಿರೋ ಚೌಕಟ್ಟದು. ಕೇಳಿದ್ದನ್ನ ಹಂಗೇ ತಿರುಗಿ ಹೇಳೋ ಮಂಜುಗ ಹಿಮ್ಮೇಳಕ್ಕಿಂತ ಒಳ್ಳೆ ಜಾಗ ಎಲ್ಲೈತಿ, ಕೈಯಾಗ ತಾಳ ಕೊಡ್ರಿ ಅಂದೆ. ಮಂದಿ ನೋಡೋದೇ ಬ್ಯಾಡ ಅನ್ನೋ ಹುಡುಗ್ರಿಗೆ ತೊಗಲುಗೊಂಬಿ ಆಟ ಐತಿ, ಪರದೆ ಹಿಂದ ಕುಂತು ಗೊಂಬಿ ಆಡಿಸ್ತಾರ, ಕಣ್ಣಿಗೆ ಕುಕ್ಕೋ ಲೈಟಿಲ್ಲ, ಸಾವಿರ ಮಂದಿ ನೋಡಿದ್ರೂ ಆಡಿಸೋವ ಕಾಣಂಗಿಲ್ಲ. ಬಳ್ಳಾರಿ ಕಡೆ ಬೆಳಗಲ್ಲು ವೀರಣ್ಣನವರು ಈ ಕಲೆಯಾಗ ಹೆಸರು ಮಾಡಿದೋರು, ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವಜ್ಜಿಗೆ 2025ರಾಗ ಇದೇ ಕಲೆಗೆ ಪದ್ಮಶ್ರೀ ಬಂತು. ಇಷ್ಟು ಹತ್ರ ಇಂಥದ್ದು ಇಟ್ಗೊಂಡು ಹೊಗಿ ಮಷೀನು ಬಾಡಿಗಿ ತರೋದು ಯಾಕ ಅಂತ ಕೇಳ್ದೆ.

ತರಚಿದ ಹುಡುಗೀನ ಮರೀಬಾರ್ದು, ಇಂಥ ಕೇಸಿನಾಗ ಎಲ್ಲಾರೂ ಮರೆಯೋದು ಅಂಥ ಮಗೂನೇ. ಆಕಿಗೆ ನೋವಾಗೈತಿ, ಹೆದರಿಕಿನೂ ಆಗೈತಿ, ಪಾಪ ಅವ ವಿಶೇಷ ಮಗು ಅಂತ ಆಕಿ ಬಾಯಿ ಮುಚ್ಚಿಸೋದು ತಪ್ಪು. ಸರ್, ಮಂಜು ತಾಯಿ ಇಬ್ಬರೂ ಆಕಿ ಮನಿಗೆ ಹೋಗಿ, ಆದದ್ದಕ್ಕ ಬ್ಯಾಸರ ಆಗೈತಿ, ಮತ್ತ ಹಿಂಗಾಗದಂಗ ಇದಿದು ಮಾಡ್ತೀವಿ ಅಂತ ಹೇಳಿ ಬರ್ಲಿ ಅಂದೆ, ಹೋಗಿ ಬಂದ್ರು. ತಂಡದ ಹುಡುಗ್ರಿಗೂ ಮಂಜು ಎದುರೇ ಸರಳವಾಗಿ ಹೇಳಸಿದ್ವಿ, ಜೋರು ಸದ್ದು ಅವನ ಕಿವಿಗೆ ನೋವು ಮಾಡ್ತೈತಿ, ಕಿವಿ ಮುಚ್ಕೊಂಡ್ರ ಅಡ್ಡ ನಿಂದರ್ದೇ ದಾರಿ ಬಿಡ್ರಿ ಅಂತ. ಜೊತಿಗಾರರನ್ನ ಸರದಿ ಮ್ಯಾಲ ಬದಲಿಸ್ರಿ, ಜಾಣ ಹುಡುಗಿ ಒಬ್ಬಾಕಿ ಸಿಕ್ಕಳು ಅಂತ ದಿನಾ ಆಕಿ ತಲಿಗೇ ಕಟ್ಟಬ್ಯಾಡ್ರಿ. ಬಟ್ಟಿ ಬದಲಿಸೋ ಕಡೆ, ಪಾಯಖಾನಿ ಕಡೆ ಒಬ್ಬರೇ ದೊಡ್ಡವರು ಹುಡುಗನ ಜೊತಿ ಹೋಗಬಾರ್ದು, ಇನ್ನೊಬ್ಬರು ಕಾಣೋವಷ್ಟು ಹತ್ರ ಇರಬೇಕು, ಇದ್ರಾಗ ರಾಜಿ ಇಲ್ಲ.

ಇನ್ನೊಂದು ಮಾತು ಸರ್‌ಗೆ ಹೇಳಲೇಬೇಕಾಗಿತ್ತು. ಬ್ಯಾನರ್ ಮ್ಯಾಲ ದೇವರ ಮಕ್ಕಳು ಅಂತ ಹಾಕಿಸಿದ್ರು, ಅತಿಥಿಗಳು ಈ ಮೂವರನ್ನೇ ಮುಂದ ನಿಂದ್ರಸಿ ಶಾಲು ಹೊದಿಸಿ ಫೋಟೋ ತಗಿಸ್ಕೊಳ್ಳೋರಿದ್ರು. ಅದು ಬ್ಯಾಡ. ಶಾಲು ಹೊದಿಸೋದಾದ್ರ ಎಲ್ಲಾ ಹುಡುಗ್ರಿಗೂ, ಇಲ್ಲಾಂದ್ರ ಯಾರಿಗೂ ಇಲ್ಲ, ಕೇಳದೇ ಫೋಟೋ ಹಾಕೋದಂತೂ ಇಲ್ಲೇ ಇಲ್ಲ.

ತಾಯಿಗೆ ಬೇರೆ ಹೇಳ್ದೆ. ತಾಲೀಮಿಗೆ ಬಿಟ್ಟು ನೀವು ಮನಿಗೆ ಹೋಗ್ರಿ, ಆ ಎರಡು ತಾಸು ನಿಮ್ಮವು, ಮಲಗ್ರಿ, ತಂಗಿ ಮನಿಗೆ ಹೋಗ್ರಿ, ಏನರ ಮಾಡ್ರಿ. ಅಂಗವಿಕಲರಿಗೆ ಸರ್ಕಾರ ಕೊಡೋ ಯುಡಿಐಡಿ ಗುರುತಿನ ಕಾರ್ಡ್ ಇತ್ತು, ನಿರಾಮಯ ಅನ್ನೋ ಸರ್ಕಾರಿ ಆರೋಗ್ಯ ವಿಮೆ ಮಾಡಿಸಿರಲಿಲ್ಲ, ಆಟಿಸಂ ಇದ್ದೋರಿಗೆ 1 ಲಕ್ಷ ರೂಪಾಯಿತನಕ ಬರ್ತೈತಿ, ಥೆರಪಿ ಖರ್ಚೂ ಅದ್ರಾಗ ಸೇರ್ತೈತಿ, ನಿಮ್ಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದ್ರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ ಹಿಡೀರಿ ಅಂದೆ. 18 ತುಂಬಿದ ಮ್ಯಾಲ ಕಾನೂನು ಪ್ರಕಾರ ಪಾಲಕತ್ವದ ಪ್ರಶ್ನೆ, ಅಂದ್ರ ಅವನ ಪರವಾಗಿ ಯಾರು ನಿರ್ಧಾರ ತಗೋಬೇಕು ಅನ್ನೋದು, ಬರ್ತೈತಿ, ಅರ್ಜಿ ಹೋಗೋದು ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಗೆ, ಕಾಗದಪತ್ರ ಈಗಿಂದ ಜೋಡಿಸಿಡ್ರಿ.

ಅಪ್ಪ ಕೊನಿಗೆ ಒಂದು ಸಲ ಬಂದ್ರು. ಭಾಳ ಹೊತ್ತು ಸುಮ್ಮನ ಕುಂತು, "ನಾಟಕ ಮಾಡಿದ್ರ ಇವನಿಗೆ ಮಾತು ಬರ್ತೈತೇನ್ರಿ?" ಅಂತ ಕೇಳಿದ್ರು. ಅದರ ಭರವಸೆ ಕೊಡೋಕಾಗಂಗಿಲ್ಲ ಅಂದೆ. ಮಾತಿನ ಕೆಲಸಕ್ಕ ಸ್ಪೀಚ್ ಥೆರಪಿ ಬೇರೆ ಮಾಡಿಸಬೇಕು, ನಾಟಕ ಅದಕ್ಕ ಬದಲಿ ಅಲ್ಲ, ನಾಟಕಕ್ಕ ಹೋಗಬೇಕಾಗಿದ್ದು ಅವನಿಗೆ ಅಲ್ಲಿ ಗೆಳೆಯರದಾರ ಅನ್ನೋ ಕಾರಣಕ್ಕ, ನಿಮ್ಮ ಬೇರೆ ಮಗ ಕ್ರಿಕೆಟಿಗೆ ಹೋಗೋದಕ್ಕ ನೀವು ಇದೇ ಪ್ರಶ್ನೆ ಕೇಳ್ತೀರೇನು ಅಂದೆ. ಒಪ್ಪಿದ್ರೂ ಒಂದು ಶರತ್ತು ಹಾಕಿದ್ರು, ದೊಡ್ಡ ಪ್ರದರ್ಶನ ಸದ್ಯಕ್ಕ ಬ್ಯಾಡ ಅಂತ. ಅದು ನ್ಯಾಯಾನೇ ಐತಿ. ಸರ್ ಜೊತಿ ಕುಂತು ಹಿಂಗ ಗೊತ್ತು ಮಾಡಿದ್ವಿ: ಮೊದಲ ಆಟ ಸಾಲಿ ಹಾಲ್‌ನಾಗೇ, ಮನಿಮಂದಿಗಷ್ಟೇ, ಬೆಳಿಗ್ಗೆ ತಂಪೊತ್ತಿನಾಗ, ಮೈಕಿಲ್ಲದೇ, ಅರ್ಧ ತಾಸು, ಬಾಗಲು ತಗದೇ ಇರ್ತೈತಿ, ಯಾರು ಬೇಕಾದ್ರೂ ಎದ್ದು ಹೋಗಿ ಬರಬಹುದು, ಮಂಜು ಹಿಮ್ಮೇಳದಾಗ ಬಾಗಲ ಕಡಿ ಕುಂದರ್ತಾನ. ಅದಾದ ಮ್ಯಾಲ ಮತ್ತ ಆ ಫೋಟೋ ತಟ್ಟಿ ಹಿಡ್ಕೊಂಡು ಅವನನ್ನೇ ಕೇಳ್ತೀವಿ.